ಕನ್ನಡ ಇಲ್ಲದಿದ್ದರೆ ಯಾವುದು?

ಆಂಧ್ರದ ಕೋಸಿಗಿ ಹತ್ತಿರದ ಹಳ್ಳಿಯಲ್ಲಿರುವ ನಮ್ಮ ಸೋದರಮಾವನಿಗೆ ಎರಡು ಲಿಪಿ ಓದಲು ಬರುತ್ತದೆ. ಏಳನೇ ತರಗತಿಯವರೆಗೆ ಓದಿದ್ದು ಕನ್ನಡದಲ್ಲಿ. ಆಮೇಲಿನದೆಲ್ಲ, ಅಂದರೆ ರೇಷನ್ ಕಾರ್ಡು, ಹೊಲದ ಪಾಸ್‌ಬುಕ್ಕು, ಸೊಸೈಟಿ ಸಾಲದ ಕಾಗದ, ಬಸ್ಸಿನ ಬೋರ್ಡು, ತೆಲುಗು. ಇಂಗ್ಲಿಷ್ ಅಕ್ಷರ ಗುರುತಿಗಷ್ಟೇ. ಎರಡು ವರ್ಷದ ಹಿಂದೆ ಮಗಳು ಹೊಸ ಫೋನ್ ಕೊಡಿಸಿದಳು. ಯಾವ ಭಾಷೆ ಬೇಕು ಎಂದು ಫೋನ್ ಕೇಳಿದಾಗ ಮಾವ ಹಿಂದುಮುಂದು ನೋಡದೆ ಕನ್ನಡ ಎಂದರು. ದೀಪಾವಳಿಗೆ ನಾನು ಹೋಗಿದ್ದಾಗ ಅದೇ ಫೋನನ್ನು ನನ್ನ ಮೂಗಿನ ಮುಂದೆ ಹಿಡಿದರು. ಒಂದು ಆ್ಯಪ್ ಪೂರ್ತಿ ಕನ್ನಡ, ಪಕ್ಕದ್ದು ಪೂರ್ತಿ ಇಂಗ್ಲಿಷ್, ಮೂರನೆಯದು ಅರ್ಧಂಬರ್ಧ.

“ಏನೋ ಅಳಿಯಾ ಇದು? ಕನ್ನಡ ಇಲ್ಲಾಂದ್ರೆ ತೆಲುಗಾದ್ರೂ ತೋರಿಸ್ಬೇಕಿಲ್ಲ? ಇಂಗ್ಲೀಷು ಯಾರು ಕೇಳಿದ್ರು ಇದನ್ನ?”

ತಂತ್ರಾಂಶಗಳ ಬಗ್ಗೆ ನಾನು ಕೇಳಿರುವ ಒಳ್ಳೆಯ ಪ್ರಶ್ನೆಗಳಲ್ಲಿ ಇದೂ ಒಂದು. ಆ ಹೊತ್ತಿಗೆ ಹೋಳಿಗೆ ಬಡಿಸಿದ್ದರಿಂದ ಉತ್ತರ ಹೇಳುವುದು ತಪ್ಪಿತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮಾವನ ಊರಿನ ಪ್ರಸಂಗ. ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಒಂದು ಕಾಲಕ್ಕೆ ಬಳ್ಳಾರಿ ಜಿಲ್ಲೆಯಲ್ಲಿದ್ದವು. 1953ರ ಅಕ್ಟೋಬರ್ 1ರಂದು ಮದ್ರಾಸ್ ರಾಜ್ಯ ಒಡೆದು ಆಂಧ್ರ ರಾಜ್ಯವಾದಾಗ ಈ ಮೂರೂ ಅತ್ತ ಹೋದವು, ಬಳ್ಳಾರಿ ಜಿಲ್ಲೆಯ ಉಳಿದ ಭಾಗ ಮೈಸೂರಿಗೆ ಬಂತು. ಆದೋನಿ, ಆಲೂರು ಕರ್ನೂಲು ಜಿಲ್ಲೆಗೆ ಸೇರಿದವು. ಹಳಬರ ಬಾಯಲ್ಲಿ ಆದೋನಿ ಇನ್ನೂ ಆದವಾನಿಯೇ. ಕೌತಾಳ, ಹೊಳಗುಂದಿ, ಹಾಲಹರವಿ, ಕೋಸಿಗಿ ಕಡೆ ಮನೆಮನೆಯಲ್ಲಿ ಕನ್ನಡ ಕೇಳುತ್ತದೆ. ಆಂಧ್ರ ಸರ್ಕಾರ ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳನ್ನು ತಾನೇ ಅಚ್ಚು ಹಾಕಿಸುತ್ತದೆ, ಹತ್ತನೇ ತರಗತಿಯ ಪರೀಕ್ಷೆಯನ್ನು ಕನ್ನಡದಲ್ಲೂ ನಡೆಸುತ್ತದೆ. ಆದೋನಿ ಪೇಟೆಗೆ ಇಳಿದರೆ ಹತ್ತಿ ವ್ಯಾಪಾರಕ್ಕೆ ತೆಲುಗು, ಕನ್ನಡ, ಉರ್ದು ಮೂರೂ ಬೇಕು. ಒಂದೇ ಮೂಟೆಯ ಮೇಲೆ ಮೂರು ಭಾಷೆಯಲ್ಲಿ ಚೌಕಾಸಿ ನಡೆಯುವುದನ್ನು ನಾನೇ ನೋಡಿದ್ದೇನೆ.

ಇಂಥ ಊರಿನವರಿಗೆ “ನಿಮ್ಮ ಭಾಷೆ ಯಾವುದು?” ಎಂಬ ಪ್ರಶ್ನೆಗೆ ಒಂದು ಪದದ ಉತ್ತರ ಇರುವುದಿಲ್ಲ. ಅವರ ಉತ್ತರ ಒಂದು ಸರತಿ. ಮೊದಲು ಇದು, ಇದಿಲ್ಲದಿದ್ದರೆ ಅದು, ಅದೂ ಇಲ್ಲದಿದ್ದರೆ ಮತ್ತೊಂದು. ತಂತ್ರಾಂಶ ಆ ಸರತಿಯನ್ನು ಕೇಳಿಸಿಕೊಳ್ಳುತ್ತದೆಯೇ ಎಂಬುದು ಅದರ ಒಳಗೆ ಮಾತುಗಳನ್ನು ಎಲ್ಲಿ ಇಟ್ಟಿದ್ದಾರೆ, ಹೇಗೆ ಹುಡುಕುತ್ತಾರೆ ಎಂಬುದರ ಮೇಲೆ ನಿಂತಿದೆ.

ಪರದೆಯ ಮೇಲಿನ ಮಾತುಗಳನ್ನು ಇಡುವ ಸುಲಭದ ಜಾಗ ಪ್ರೋಗ್ರಾಮಿನ ಹೊಟ್ಟೆಯೇ. “ಉಳಿಸಬೇಕೆ?” ಎಂದು ಕೇಳಬೇಕಾದ ಕಡೆ ಆ ಮಾತನ್ನೇ ಬರೆದುಬಿಡುವುದು. ಕಲಿಯುವವರೆಲ್ಲ ಹೀಗೆಯೇ ಶುರು ಮಾಡುತ್ತಾರೆ. ಆದರೆ ಇನ್ನೊಂದು ಭಾಷೆ ಬೇಕಾದಾಗ ಇಡೀ ಪ್ರೋಗ್ರಾಮನ್ನು ನಕಲು ಮಾಡಿ, ಸಾವಿರಾರು ಸಾಲುಗಳ ನಡುವೆ ಮಾತುಗಳನ್ನು ಹುಡುಕಿ ಬದಲಿಸಬೇಕು. ಮೂಲದಲ್ಲಿ ಒಂದು ದೋಷ ತಿದ್ದಿದರೆ ಪ್ರತಿ ನಕಲಿನಲ್ಲೂ ತಿದ್ದಬೇಕು. ಅದಕ್ಕಿಂತ ದೊಡ್ಡ ತೊಡಕೆಂದರೆ, ಅನುವಾದ ಮಾಡುವವರಿಗೆ ಪ್ರೋಗ್ರಾಮಿಂಗ್ ಗೊತ್ತಿರಲೇಬೇಕಾಗುತ್ತದೆ. ಒಳ್ಳೆಯ ಕನ್ನಡ ಬರೆಯಬಲ್ಲ ಮೇಷ್ಟ್ರಿಗೆ ಅಲ್ಲಿ ಪ್ರವೇಶವೇ ಇಲ್ಲ.

ಹಾಗಾಗಿ ಮಾತುಗಳನ್ನು ಹೊರಗೆ ತೆಗೆದು ಬೇರೆ ಕಡತದಲ್ಲಿ ಇಡುವ ರೂಢಿ ಬಂತು. ಇದರಲ್ಲಿ ಹೆಚ್ಚು ಹೆಸರಾದದ್ದು ಗೆಟ್‌ಟೆಕ್ಸ್ಟ್. 1990ರ ದಶಕದ ಆರಂಭದಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ರೂಪಿಸಿದ ಈ ಪದ್ಧತಿಯನ್ನು 1995ರಲ್ಲಿ ಗ್ನೂ ಯೋಜನೆ ಎಲ್ಲರಿಗೂ ಮುಕ್ತವಾಗಿ ಸಿಗುವಂತೆ ಬರೆದುಕೊಟ್ಟಿತು. ಲಿನಕ್ಸ್‌ನಲ್ಲಿ ಇವತ್ತಿಗೂ ಬಹುಪಾಲು ಕನ್ನಡ ಪರದೆಗೆ ಬರುವುದು ಇದರ ಮೂಲಕವೇ. ಪ್ರೋಗ್ರಾಂ ಬರೆಯುವವನು ಇಂಗ್ಲಿಷ್ ಮಾತನ್ನು ಇದ್ದಲ್ಲೇ ಬಿಟ್ಟು ಅದಕ್ಕೊಂದು ಗುರುತು ಹಾಕುತ್ತಾನೆ. ಗುರುತು ಬಿದ್ದ ಮಾತುಗಳನ್ನೆಲ್ಲ ಒಂದು ಸಲಕರಣೆ ಹೆಕ್ಕಿ ಖಾಲಿ ನಮೂನೆ ಮಾಡಿಕೊಡುತ್ತದೆ. ಅನುವಾದಕಿ ಅದನ್ನು ತುಂಬುತ್ತಾಳೆ. ಮೇಲಿನ ಸಾಲಿನಲ್ಲಿ ಇಂಗ್ಲಿಷ್, ಕೆಳಗಿನ ಸಾಲಿನಲ್ಲಿ ಕನ್ನಡ, ಮತ್ತೆ ಇಂಗ್ಲಿಷ್, ಮತ್ತೆ ಕನ್ನಡ. ಇದೇ ಪಿಒ ಕಡತ. ಯಾವ ಸಾದಾ ಬರಹದ ಕಿಟಕಿಯಲ್ಲೂ ಇದನ್ನು ತೆರೆಯಬಹುದು.

ಗಣಕ ಇದನ್ನು ಹಾಗೆಯೇ ಓದುವುದಿಲ್ಲ. ಪಿಒ ಕಡತವನ್ನು ಅರೆದು ಎಂಒ ಎಂಬ ಗಟ್ಟಿ ರೂಪಕ್ಕೆ ತರುತ್ತಾರೆ. ಎಂಒ ಕಡತ ದಲಾಲಿ ಅಂಗಡಿಯ ಖಾತೆ ಪುಸ್ತಕ ಇದ್ದ ಹಾಗೆ. ಪುಸ್ತಕದ ಮುಂದಿನ ಹಾಳೆಗಳಲ್ಲಿ ರೈತರ ಹೆಸರುಗಳ ಪಟ್ಟಿ, ಪ್ರತಿ ಹೆಸರಿನ ಮುಂದೆ ಪುಟದ ಸಂಖ್ಯೆ, ಒಳಗೆ ಆಯಾ ಲೆಕ್ಕ. ಎಂಒದಲ್ಲೂ ಮೊದಲು ಒಂದು ಗುರುತಿನ ಸಂಖ್ಯೆ, ಆಮೇಲೆ ಒಳಗೆ ಎಷ್ಟು ಮಾತುಗಳಿವೆ ಎಂಬ ಲೆಕ್ಕ, ಆಮೇಲೆ ಎರಡು ಪಟ್ಟಿ. ಒಂದರಲ್ಲಿ ಇಂಗ್ಲಿಷ್ ಮಾತುಗಳು ಎಲ್ಲಿ ಶುರುವಾಗುತ್ತವೆ, ಎಷ್ಟು ಉದ್ದ ಎಂಬುದು. ಇನ್ನೊಂದರಲ್ಲಿ ಅವುಗಳ ಕನ್ನಡದ್ದು ಅದೇ ಕ್ರಮದಲ್ಲಿ. ಇಂಗ್ಲಿಷ್ ಪಟ್ಟಿ ಅಕಾರಾದಿಯಾಗಿ ಜೋಡಿಸಿರುವುದರಿಂದ ಹುಡುಕುವಾಗ ನಡುಮಧ್ಯಕ್ಕೆ ತೆರೆದು, ಬೇಕಾದದ್ದು ಮುಂದಿದೆಯೋ ಹಿಂದಿದೆಯೋ ನೋಡಿ, ಉಳಿದ ಅರ್ಧದ ನಡುವಿಗೆ ಹೋಗಬಹುದು. 1,000 ಮಾತುಗಳಿದ್ದರೂ ಹತ್ತು ಸಲ ಇಣುಕಿದರೆ ಸಾಕು. ಅಷ್ಟೂ ಬೇಡವೆಂದರೆ ಇನ್ನೂ ಬೇಗ ಹುಡುಕಿಕೊಡುವ ಮತ್ತೊಂದು ಕೋಷ್ಟಕವನ್ನೂ ಕಡತದಲ್ಲಿ ಇಡುವ ಅವಕಾಶವಿದೆ. ಆ ಗುರುತಿನ ಸಂಖ್ಯೆ ಒಂದು ತಮಾಷೆ. ಹದಿನಾರರ ಲೆಕ್ಕದಲ್ಲಿ ಬರೆದರೆ 950412, ಅದರ ನಂತರ ಡಿ, ಇ. ನೋಡಿದರೆ 1995ರ ಏಪ್ರಿಲ್ 12ರ ತಾರೀಕಿನ ಹಾಗೇ ಕಾಣುತ್ತದೆ. ಪ್ರೋಗ್ರಾಂ ಕಡತ ತೆರೆದ ಕೂಡಲೇ ಈ ಸಂಖ್ಯೆ ಇದೆಯೇ ಎಂದು ನೋಡುತ್ತದೆ. ಇಲ್ಲದಿದ್ದರೆ ಇದು ನನ್ನ ಖಾತೆ ಪುಸ್ತಕವಲ್ಲ ಎಂದು ಮುಚ್ಚುತ್ತದೆ.

ಈಗ ಮಾವನ ಪ್ರಶ್ನೆಯ ಹತ್ತಿರ ಬಂದೆವು. ಹುಡುಕಿದ ಮಾತು ಕನ್ನಡದ ಕಡತದಲ್ಲಿ ಸಿಗದಿದ್ದರೆ?

ಗೆಟ್‌ಟೆಕ್ಸ್ಟ್‌ನಲ್ಲಿ ಹುಡುಕುವ ಕೀಲಿಯೇ ಇಂಗ್ಲಿಷ್ ಮಾತು. ಸಿಗದಿದ್ದರೆ ಕೀಲಿಯನ್ನೇ ಮರಳಿ ಕೈಗಿಡುತ್ತದೆ. ಪರದೆ ಖಾಲಿ ಬೀಳುವುದಿಲ್ಲ, ಪ್ರೋಗ್ರಾಂ ನಿಲ್ಲುವುದಿಲ್ಲ, ಅನುವಾದ ಅರ್ಧಕ್ಕೆ ನಿಂತಿದ್ದರೂ ಕೆಲಸ ಸಾಗುತ್ತದೆ. ಎಂಜಿನಿಯರ್ ಕಣ್ಣಿಗೆ ಇದು ಜಾಣ ಏರ್ಪಾಡು, ನಾನೂ ಒಪ್ಪುತ್ತೇನೆ. ಆದರೆ ಇದರ ಅರ್ಥ, ಇಂಗ್ಲಿಷ್ ಎಂದೂ “ಇಲ್ಲ” ಆಗಲಾರದು. ಉಳಿದ ಭಾಷೆಗಳೆಲ್ಲ ಅದರ ಮೇಲೆ ಹೊದಿಸಿದ ಚಾದರ. ಎಲ್ಲಿ ಹರಿದರೂ ಕೆಳಗೆ ಕಾಣುವುದು ಅದೇ.

ಚಾದರ ಹರಿಯುವುದೂ ದಿನನಿತ್ಯದ ಮಾತು. ತಂತ್ರಾಂಶದ ಹೊಸ ಆವೃತ್ತಿ ಬಂದಾಗ ಇಂಗ್ಲಿಷ್ ವಾಕ್ಯದಲ್ಲಿ ಒಂದು ಪದ ಬದಲಾದರೂ ಹಳೆಯ ಅನುವಾದಕ್ಕೆ “ಅನುಮಾನ” ಎಂಬ ಮುದ್ರೆ ಬೀಳುತ್ತದೆ. ಮುದ್ರೆ ಬಿದ್ದ ಸಾಲುಗಳನ್ನು ಎಂಒ ಕಡತಕ್ಕೆ ಸೇರಿಸುವುದಿಲ್ಲ. ಯಾರಾದರೂ ಕೂತು ನೋಡಿ, ತಿದ್ದಿ, ಮುದ್ರೆ ತೆಗೆಯುವವರೆಗೆ ಅಲ್ಲಿ ಇಂಗ್ಲಿಷ್. ಹೋದ ವರ್ಷ ಅಚ್ಚ ಕನ್ನಡದಲ್ಲಿದ್ದ ಪರದೆ ಈ ವರ್ಷ ಚಿಂದಿಯಾಗುವುದು ಹೀಗೆ. ಕನ್ನಡದ ಸ್ವಯಂಸೇವಕರು ಕೈಚೆಲ್ಲಿದರು ಎಂದು ಬೈಯುವ ಮುನ್ನ ಇದನ್ನು ನೆನೆಯಬೇಕು. ಕಡತ ಇದ್ದಲ್ಲೇ ಇದೆ, ಅದರ ಕೆಳಗಿನ ನೆಲ ಸರಿದಿದೆ.

ಹಾಗಾದರೆ ತೆಲುಗು ತೋರಿಸುವ ದಾರಿ ಇಲ್ಲವೇ? ಇದೆ, ಮತ್ತು ಅದು ಮಾವನ ಮಾತಿಗೆ ಅಚ್ಚುಕಟ್ಟಾಗಿ ಹೊಂದುತ್ತದೆ. ಗ್ನೂ ಗೆಟ್‌ಟೆಕ್ಸ್ಟ್‌ನಲ್ಲಿ ಲ್ಯಾಂಗ್ವೇಜ್ ಎಂಬ ಹೆಸರಿನ ಒಂದು ಚೀಟಿ ಇದೆ. ಅದರಲ್ಲಿ ಭಾಷೆಗಳ ಎರಡಕ್ಷರದ ಸಂಕೇತಗಳನ್ನು ಸಾಲಾಗಿ ಬರೆದು ನಡುವೆ ಎರಡು ಚುಕ್ಕೆ ಇಡಬಹುದು. ಕನ್ನಡಕ್ಕೆ ಕೆ-ಎನ್, ತೆಲುಗಿಗೆ ಟಿ-ಇ. ಕೆ-ಎನ್, ಎರಡು ಚುಕ್ಕೆ, ಟಿ-ಇ ಎಂದು ಬರೆದರೆ ಪ್ರತಿ ಮಾತನ್ನೂ ಮೊದಲು ಕನ್ನಡದ ಖಾತೆಯಲ್ಲಿ, ಅಲ್ಲಿಲ್ಲದಿದ್ದರೆ ತೆಲುಗಿನ ಖಾತೆಯಲ್ಲಿ ಹುಡುಕಿ, ಎರಡರಲ್ಲೂ ಇಲ್ಲದಿದ್ದರಷ್ಟೇ ಇಂಗ್ಲಿಷಿಗೆ ಬರುತ್ತದೆ. ಆದೋನಿಯವನ ಸರತಿ ಇದೇ. ತೊಂದರೆಯೆಂದರೆ ಈ ಚೀಟಿ ಲಿನಕ್ಸ್ ಬಳಸುವವರ ಕೈಗಷ್ಟೇ ಎಟುಕುತ್ತದೆ. ಕೋಸಿಗಿಯ ಕಟ್ಟೆಯ ಮೇಲೆ ಕೂತವರ ಕೈಯಲ್ಲಿರುವುದು ಆಂಡ್ರಾಯ್ಡ್.

ಆಂಡ್ರಾಯ್ಡ್‌ನ ಜೋಡಣೆ ಬೇರೆ. ಆ್ಯಪ್‌ನ ಒಳಗೆ ಭಾಷೆಗೊಂದು ಫೋಲ್ಡರ್ ಇರುತ್ತದೆ, ಅದರಲ್ಲಿ ಮಾತುಗಳ ಕಡತ. ಭಾಷೆಯ ಹೆಸರಿಲ್ಲದ ಫೋಲ್ಡರ್ ಒಂದಿರುತ್ತದೆ, ಅದೇ ಕೊನೆಯ ಆಸರೆ. ಅಲ್ಲಿ ಸಾಮಾನ್ಯವಾಗಿ ಇಂಗ್ಲಿಷ್. 2016ರಲ್ಲಿ ಬಂದ ಏಳನೇ ಆವೃತ್ತಿಗೆ ಮುಂಚೆ ಫೋನಿಗೆ ಒಂದೇ ಭಾಷೆ ಹೇಳಬಹುದಿತ್ತು. ಕನ್ನಡ ಎಂದರೆ ಕನ್ನಡದ ಫೋಲ್ಡರ್, ಅದಿಲ್ಲದಿದ್ದರೆ ನೇರ ಕೊನೆಯದಕ್ಕೆ. ತೆಲುಗಿನ ಫೋಲ್ಡರ್ ಪಕ್ಕದಲ್ಲೇ ಇದ್ದರೂ ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಏಳರಿಂದ ಭಾಷೆಗಳ ಪಟ್ಟಿಯನ್ನೇ ಕೊಡಬಹುದು. ಪಟ್ಟಿಯಲ್ಲಿ ಕನ್ನಡ, ಅದರ ಕೆಳಗೆ ತೆಲುಗು ಇದ್ದರೆ, ಕನ್ನಡ ಇಲ್ಲದ ಆ್ಯಪ್ ತೆಲುಗಿನಲ್ಲಿ ತೆರೆದುಕೊಳ್ಳುತ್ತದೆ. 2022ರ ಹದಿಮೂರನೇ ಆವೃತ್ತಿಯಿಂದ ಆ್ಯಪ್‌ಗೊಂದು ಭಾಷೆಯನ್ನೂ ಗೊತ್ತುಮಾಡಬಹುದು.

ಇಲ್ಲೊಂದು ಸೂಕ್ಷ್ಮವಿದೆ. ಗೆಟ್‌ಟೆಕ್ಸ್ಟ್ ಒಂದೊಂದು ಮಾತಿಗೂ ಸರತಿ ಹಿಡಿಯುತ್ತದೆ. ಆಂಡ್ರಾಯ್ಡ್ ಇಡೀ ಆ್ಯಪ್‌ಗೆ ಒಂದು ಸಲ ಸರತಿ ಹಿಡಿದು ಕನ್ನಡವನ್ನೋ ತೆಲುಗನ್ನೋ ಆರಿಸಿಕೊಳ್ಳುತ್ತದೆ. ಕನ್ನಡದ ಫೋಲ್ಡರಿನಲ್ಲಿ ಹತ್ತೇ ಮಾತುಗಳಿದ್ದರೂ ಕನ್ನಡ ಗೆದ್ದಂತೆ. ಉಳಿದ ಮುನ್ನೂರು ಮಾತುಗಳಿಗೆ ಅದು ತೆಲುಗಿನ ಬಾಗಿಲು ತಟ್ಟುವುದಿಲ್ಲ, ಕೊನೆಯ ಫೋಲ್ಡರಿಗೆ ಹೋಗುತ್ತದೆ. ಮಾವನ ಮೂರನೇ ಆ್ಯಪ್, ಆ ಅರ್ಧಂಬರ್ಧದ್ದು, ಇದರ ಫಲ. ಅರ್ಧ ಅನುವಾದ ಮಾಡುವುದಕ್ಕಿಂತ ಮಾಡದೇ ಇರುವುದು ಆದೋನಿಯವನಿಗೆ ವಾಸಿ ಎಂಬ ವಿಚಿತ್ರ ಸ್ಥಿತಿ!

ಇನ್ನೂ ಒಂದು ಮಾತು. ಫೋನಿಗೆ ಇಳಿಯುವ ಆ್ಯಪ್‌ನ ಗಾತ್ರ ತಗ್ಗಿಸಲು 2018ರಿಂದ ಬಂದ ಪ್ಯಾಕಿಂಗ್ ವಿಧಾನದಲ್ಲಿ, ಫೋನಿನ ಪಟ್ಟಿಯಲ್ಲಿರುವ ಭಾಷೆಗಳ ಕಡತಗಳಷ್ಟೇ ಇಳಿಯುತ್ತವೆ. ಪಟ್ಟಿಯಲ್ಲಿ ತೆಲುಗು ಇಲ್ಲದಿದ್ದರೆ ತೆಲುಗಿನ ಕಡತ ಫೋನಿಗೆ ಬರುವುದೇ ಇಲ್ಲ. ಮಾವ “ಕನ್ನಡ” ಎಂದು ಒಂದೇ ಭಾಷೆ ಹೇಳಿ ಸುಮ್ಮನಾದಾಗ ತೆಲುಗನ್ನು ಊರಾಚೆಯೇ ನಿಲ್ಲಿಸಿದ್ದರು.

ಸರತಿಯ ವಿಚಾರದಲ್ಲಿ ನನಗೆ ಮೆಚ್ಚಿಗೆಯಾದದ್ದು ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶದ ಏರ್ಪಾಡು. ಅಲ್ಲಿ ಭಾಷೆಗೆ ಭಾಷೆಯೇ ಆಸರೆ. ತುಳುವಿನಲ್ಲಿ ಒಂದು ಮಾತು ಸಿಗದಿದ್ದರೆ ಕನ್ನಡದ್ದು ಬರುತ್ತದೆ, ಕನ್ನಡದಲ್ಲೂ ಇಲ್ಲದಿದ್ದರೆ ಇಂಗ್ಲಿಷ್. 2016ರಲ್ಲಿ ತುಳು ವಿಕಿಪೀಡಿಯ ಶುರುವಾದಾಗ ಮಂಗಳೂರು, ಕಾಸರಗೋಡಿನ ಓದುಗರಿಗೆ ಈ ಸರತಿ ಸಹಜವೇ ಆಗಿತ್ತು. ಕನ್ನಡದ ಕಡತದಲ್ಲಿ ತುಂಬಿದ ಪ್ರತಿ ಸಾಲೂ ತುಳುವಿನವನಿಗೂ ಒದಗುತ್ತದೆ. ಆದರೆ ಈ ಏರ್ಪಾಡಿನಲ್ಲಿ ಸರತಿ ಭಾಷೆಗೆ ಅಂಟಿಕೊಂಡಿದೆ, ಮನುಷ್ಯನಿಗಲ್ಲ. ಕನ್ನಡದ ನಂತರ ಬೀದರಿನವನಿಗೆ ಮರಾಠಿ ಬೇಕಾಗಬಹುದು, ತಾಳವಾಡಿಯವನಿಗೆ ತಮಿಳು, ಆದೋನಿಯವನಿಗೆ ತೆಲುಗು.

ಎಟಿಎಂ ಯಂತ್ರಗಳದ್ದು ಇನ್ನೂ ಮೊಂಡು ಲೆಕ್ಕ. ಅವು ಕೇಳುವುದು ನೀವು ಯಾರೆಂದಲ್ಲ, ಯಂತ್ರ ಎಲ್ಲಿ ನಿಂತಿದೆ ಎಂದು. ಇಂಗ್ಲಿಷ್, ಹಿಂದಿ, ಆ ರಾಜ್ಯದ ಭಾಷೆ. ತುಂಗಭದ್ರೆಯ ಆ ದಂಡೆ ರಾಯಚೂರು ಜಿಲ್ಲೆ, ಅಲ್ಲಿ ಕನ್ನಡ. ಈ ದಂಡೆ ಮಂತ್ರಾಲಯ, ಇಲ್ಲಿ ತೆಲುಗು. ಮಠದ ಮುಂದಿನ ಹೂವಿನಂಗಡಿಯಲ್ಲಿ ಕನ್ನಡ ಆಡದವರನ್ನು ಹುಡುಕಬೇಕು, ಅಂಗಡಿಯವರು ಅದನ್ನು ಯಾವತ್ತೋ ಅರಿತಿದ್ದಾರೆ.

ಮೇಲಿನಿಂದ ಬಂದ ಮಾತು ಊರಿನವರ ನುಡಿಯಲ್ಲಿ ಇಲ್ಲದಿರುವುದು ಈ ಸೀಮೆಯಲ್ಲಿ ಹಳೆಯ ಕತೆ. ಪತ್ತಿಕೊಂಡದ ಕಡೆಗೆ, ಜೊನ್ನಗಿರಿ ಹತ್ತಿರ ಎರ್ರಗುಡಿ ಬಂಡೆಗಳಿವೆ. ಅವುಗಳ ಮೇಲೆ ಅಶೋಕನ ಶಾಸನಗಳು. ಪಾಟಲಿಪುತ್ರದಿಂದ ಹೊರಟ ಒಂದೇ ಮಾತನ್ನು ಸಾಮ್ರಾಜ್ಯದ ಮೂಲೆಮೂಲೆಯಲ್ಲಿ ಕೊರೆಸಿದ ಕೆಲಸ ಅದು, ಇವತ್ತಿನ ಕಂಪನಿಗಳು ಒಂದೇ ಆ್ಯಪನ್ನು ನೂರು ದೇಶಕ್ಕೆ ಕಳಿಸುವ ಹಾಗೆ. ವಾಯವ್ಯದ ಶಹಬಾಜ್‌ಗಢಿಯಲ್ಲಿ ಲಿಪಿ ಬದಲಾಯಿತು, ಅಲ್ಲಿ ಖರೋಷ್ಠಿ. ಕಂದಹಾರದಲ್ಲಿ ಭಾಷೆಯೇ ಬದಲಾಯಿತು. 1958ರಲ್ಲಿ ಸಿಕ್ಕ ಶಾಸನದಲ್ಲಿ ಮೇಲೆ ಗ್ರೀಕ್, ಕೆಳಗೆ ಅರಾಮಿಕ್. ಧಮ್ಮ ಎಂಬ ಪದಕ್ಕೆ ಗ್ರೀಕ್ ಅನುವಾದಕ ಯುಸೆಬಿಯಾ ಎಂದು ಹಾಕಿದ್ದಾನೆ, ಅದು ದೇವರು ಹಿರಿಯರ ಬಗೆಗಿನ ಭಕ್ತಿಯನ್ನು ಹೇಳುವ ಮಾತು. ಅನುವಾದಕರ ಪಾಡು ಆಗಲೂ ಇದೇ. ನಮ್ಮ ಕಡೆಗೆ ಮಾತ್ರ, ಎರ್ರಗುಡಿಯಲ್ಲಾಗಲಿ ಮಸ್ಕಿ, ಕೊಪ್ಪಳ, ನಿಟ್ಟೂರುಗಳಲ್ಲಾಗಲಿ, ಬಂದದ್ದು ಪ್ರಾಕೃತ. ಇಲ್ಲಿಯ ಜನರ ನುಡಿಯ ಕಡತ ಅರಮನೆಯಲ್ಲಿ ಇರಲಿಲ್ಲ, ಕೀಲಿಯನ್ನೇ ಕೈಗಿಟ್ಟರು ಎನ್ನಬಹುದು.

ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಶಾಸನ ಬರೆದವನು ಕೊನೆಗೆ ತನ್ನ ಹೆಸರು ಹಾಕಿದ್ದಾನೆ, ಚಪಡ. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೂ ತಾನು ಲಿಪಿಕಾರ ಎಂಬ ಒಂದು ಪದವನ್ನು ಮಾತ್ರ ಖರೋಷ್ಠಿಯಲ್ಲಿ ಬರೆದ. ಪಿಒ ಕಡತದ ತಲೆಬರಹದಲ್ಲೂ ಕೊನೆಯದಾಗಿ ಅನುವಾದಿಸಿದವರ ಹೆಸರಿಗೆ ಒಂದು ಸಾಲು ಮೀಸಲಿದೆ, ಅದನ್ನೂ ಯಾರೂ ಓದುವುದಿಲ್ಲ. ಕನ್ನಡದ ಕಡತಗಳನ್ನು ತೆರೆದಾಗಲೆಲ್ಲ ನಾನು ಆ ಸಾಲನ್ನು ಮೊದಲು ನೋಡುತ್ತೇನೆ. ಎರ್ರಗುಡಿಯ ಕಿರುಶಾಸನದ್ದು ಮತ್ತೊಂದು ಚೋದ್ಯ. ಅದರ ಕೆಲವು ಸಾಲುಗಳು ಎಡದಿಂದ ಬಲಕ್ಕೆ, ಕೆಲವು ಬಲದಿಂದ ಎಡಕ್ಕೆ, ನೇಗಿಲು ಹೂಡಿದ ಎತ್ತು ತಿರುತಿರುಗಿ ಬಂದ ಹಾಗೆ. ಆದೋನಿಯ ಉರ್ದು ಓದುಗರಿಗೆ ಪರದೆಯನ್ನೇ ಮಗುಚಿ ಬಲದಿಂದ ಶುರು ಮಾಡಬೇಕು. ಆಂಡ್ರಾಯ್ಡ್‌ಗೆ ಆ ವಿದ್ಯೆ ಬಂದದ್ದು 2012ರಲ್ಲಿ.

ಕಡತ ಇದ್ದು, ಮಾತು ಸಿಕ್ಕಿತು ಎಂದೇ ಇಟ್ಟುಕೊಳ್ಳಿ. ಆಗಲೂ ಕನ್ನಡ ಕೈಗೆ ಬಂತೆಂದು ಹೇಳಲಾಗದು. ಬಸ್ಸಿನ ಟಿಕೆಟ್ ಮುದ್ರಿಸುವ ಒಂದು ಪ್ರೋಗ್ರಾಂ ಬರೆಯುತ್ತಿದ್ದೀರಿ. ಇಂಗ್ಲಿಷಿನಲ್ಲಿ ಊರಿನ ಹೆಸರಿನ ಹಿಂದೆ ಒಂದು ಪುಟ್ಟ ಪದ ಇಟ್ಟರೆ ಮುಗಿಯಿತು. ಕಡತದಲ್ಲಿ ಊರಿನ ಜಾಗಕ್ಕೆ ಶೇಕಡಾ ಗುರುತು ಇಟ್ಟಿರುತ್ತಾರೆ, ನಡೆಯುವಾಗ ಹೆಸರು ಬಂದು ಅಲ್ಲಿ ಕೂರುತ್ತದೆ. ಕನ್ನಡದಲ್ಲಿ ಏನು ಬರೆಯುತ್ತೀರಿ? ಶೇಕಡಾ ಗುರುತು, ಅದರ ಮುಂದೆ “ಗೆ”. ಆದೋನಿಗೆ, ಸರಿ ಬಂತು. ಮುಂದಿನ ಟಿಕೆಟ್ “ಆಲೂರುಗೆ”. ಆಮೇಲಿನದು “ಮಂತ್ರಾಲಯಗೆ”. ಗುಂತಕಲ್ಲಿನ ಟಿಕೆಟ್ಟನ್ನಂತೂ ನೋಡಲಾಗದು, “ಗುಂತಕಲ್‌ಗೆ”. ನಮ್ಮ ಬಾಯಿಗೆ ಅದು ಆದೋನಿಗೆ, ಆಲೂರಿಗೆ, ಮಂತ್ರಾಲಯಕ್ಕೆ, ಗುಂತಕಲ್ಲಿಗೆ. ಒಂದೇ ಬಸ್ಸಿನ ದಾರಿಯಲ್ಲಿ ನಾಲ್ಕು ಬಗೆ. ಪಕ್ಕದ ತೆಲುಗಿಗೂ ಈ ಗೋಳು ತಪ್ಪಿಲ್ಲ, ಅಲ್ಲಿ ಆದೋನಿಕಿ, ಆಲೂರುಕು, ಮಂತ್ರಾಲಯಾನಿಕಿ. ಇಂಗ್ಲಿಷಿನವರು ಹೊಲಿದ ಅಂಗಿಗೆ ನಮ್ಮ ತೋಳು ತೂರುವುದಿಲ್ಲ. ಪಳಗಿದ ಅನುವಾದಕರು ಇಂಥಲ್ಲಿ ಪ್ರತ್ಯಯದ ಗೊಡವೆಗೇ ಹೋಗದೆ “ತಲುಪುವ ಊರು:” ಎಂದು ಬರೆದು ಎರಡು ಚುಕ್ಕೆಯ ಆಚೆ ಹೆಸರು ಕೂರಿಸುತ್ತಾರೆ. ಸೋಲೊಪ್ಪಿದಂತೆ ಕಂಡರೂ ಓದಲು ಮುಜುಗರವಾಗುವುದಿಲ್ಲ.

ಬಹುವಚನವೂ ಇಂಥದ್ದೇ. ಒಂದಕ್ಕೊಂದು ರೂಪ, ಉಳಿದದ್ದಕ್ಕೊಂದು ರೂಪ ಎಂದು ಕನ್ನಡದ ಪಿಒ ಕಡತದ ತಲೆಬರಹ ಹೇಳುತ್ತದೆ. ಅರೇಬಿಕ್‌ಗೆ ಆರು ರೂಪ ಬೇಕು, ಜಪಾನಿಗೆ ಒಂದೇ ಸಾಕು. ಪ್ರಪಂಚದ ಭಾಷೆಗಳ ಇಂಥ ವಿವರಗಳನ್ನು ಕೂಡಿಸಿಟ್ಟಿರುವ ಯೂನಿಕೋಡ್‌ನ ಸಿಎಲ್‌ಡಿಆರ್ ಭಂಡಾರ ಮಾತ್ರ ಕನ್ನಡದಲ್ಲಿ ಸೊನ್ನೆಯನ್ನೂ ಒಂದರ ಪಂಕ್ತಿಗೇ ಕೂರಿಸುತ್ತದೆ. ತೆಲುಗಿನಲ್ಲಿ ಸೊನ್ನೆ ಬಹುವಚನದ ಪಂಕ್ತಿಗೆ. ಭಂಡಾರದ ಪ್ರಕಾರ ಕನ್ನಡ, ತೆಲುಗಿನ ಗಡಿ ಹೀಗೆ ಸೊನ್ನೆಯ ಮೇಲೂ ಹಾದುಹೋಗಿದೆ! ಮಾರುಕಟ್ಟೆಯಲ್ಲಿ ನಿಂತು ಕೇಳಿ: ಹತ್ತು ಚೀಲ, ಮೂರು ಎಕರೆ, ಐದು ದಿನ. ಎಣಿಕೆ ಮುಂದೆ ಬಂದ ಮೇಲೆ “ಗಳು” ಹಚ್ಚುವವರು ಕಡಿಮೆ. ಮನುಷ್ಯರಾದರೆ ಮೂವರು, ನಾಲ್ವರು, ಇಲ್ಲವೇ ಐದು ಜನ. ಎಣಿಸುತ್ತಿರುವುದು ಹತ್ತಿ ಚೀಲವನ್ನೋ ಹಮಾಲರನ್ನೋ ಎಂದು ಕೇಳುವ ಜಾಗ ಆ ಕಡತದಲ್ಲಿ ಇಲ್ಲ.

ಒಂದೇ ಇಂಗ್ಲಿಷ್ ಪದಕ್ಕೆ ಎರಡು ಕನ್ನಡ ಬೇಕಾದರೆ ಸಂದರ್ಭ ಹೇಳುವ ಒಂದು ಸಾಲನ್ನು ಪಿಒದಲ್ಲಿ ಸೇರಿಸಬಹುದು. ಬಹಳ ಸಲ ಪ್ರೋಗ್ರಾಂ ಬರೆದವರು ಸೇರಿಸಿರುವುದಿಲ್ಲ. “ಬ್ಯಾಲೆನ್ಸ್” ಎಂಬುದನ್ನು “ಬಾಕಿ” ಎಂದು ಅನುವಾದಿಸಿದ ಪರದೆಯೊಂದನ್ನು ನಾನು ನೋಡಿದ್ದೇನೆ. ದಲಾಲಿ ಅಂಗಡಿಯಲ್ಲಿ ಬಾಕಿ ಎಂದರೆ ಕೊಡಬೇಕಾದ ದುಡ್ಡು. ಖಾತೆಯಲ್ಲಿ 2,500 ರೂಪಾಯಿ ಇಟ್ಟ ರೈತನಿಗೆ ಅದು 2,500ರ ಸಾಲವಾಗಿ ಕಾಣುತ್ತದೆ.

ಮಾವನ ಮನೆಯಲ್ಲಿ ಕತೆ ಇಲ್ಲಿಗೆ ನಿಲ್ಲಲಿಲ್ಲ. ಫೋನ್ ಕೊಡಿಸಿದ ಮಗಳು ಆದೋನಿಯಲ್ಲಿ ಓದಿದವಳು, ಮೊದಲು ತೆಲುಗು, ಆಮೇಲೆ ಇಂಗ್ಲಿಷ್. ಮನೆಯಲ್ಲಿ ಪಟಪಟ ಕನ್ನಡ ಆಡುತ್ತಾಳೆ, ಕನ್ನಡ ಲಿಪಿ ಓದಲಾರಳು. ಅಪ್ಪ ಏನೋ ಸಿಕ್ಕಿಹಾಕಿಕೊಂಡಿದ್ದಾರೆಂದು ಫೋನ್ ಇಸಿದುಕೊಂಡರೆ ಕನ್ನಡದ ಪರದೆ ಅವಳಿಗೆ ಗೋಡೆ. ಓದಿ ಹೇಳಿದರೆ ಪ್ರತಿ ಪದವೂ ಗೊತ್ತು.

ಅವಳಿಗೂ ಆ ಪರದೆಗೂ ನಡುವೆ ಇರುವ ಗೋಡೆ ಎಷ್ಟು ದಪ್ಪ ಎಂಬುದನ್ನು ಅಳೆಯಬಹುದು. ಕಡತದಲ್ಲಿ ಕನ್ನಡದ ಒಂದೊಂದು ಅಕ್ಷರ ಚಿಹ್ನೆಯೂ ಮೂರು ಅಂಕಿಯಾಗಿ ಕೂತಿರುತ್ತದೆ. ಕನ್ನಡದ “ಕ” 224, 178, 149. ತೆಲುಗಿನ ಕಕಾರ 224, 176, 149. ಕನ್ನಡದ “ಮ” 224, 178, 174. ತೆಲುಗಿನದು 224, 176, 174. ಮೊದಲನೆಯದೂ ಕೊನೆಯದೂ ಒಂದೇ, ನಡುವಿನದರಲ್ಲಿ ಎರಡರ ವ್ಯತ್ಯಾಸ. ಹಳಗನ್ನಡದ ೞ ತರಹದ ಒಂದೆರಡನ್ನು ಬಿಟ್ಟರೆ ಇಡೀ ವರ್ಣಮಾಲೆ ಹೀಗೆಯೇ. ಇದು ಆಕಸ್ಮಿಕವಲ್ಲ. 1980ರ ದಶಕದಲ್ಲಿ ಭಾರತದಲ್ಲಿ ರೂಪಿಸಿದ ಇಸ್ಕಿ ಸಂಕೇತ ಪದ್ಧತಿ ಬ್ರಾಹ್ಮಿಯಿಂದ ಹುಟ್ಟಿದ ನಮ್ಮ ಲಿಪಿಗಳನ್ನೆಲ್ಲ ಒಂದೇ ಕ್ರಮದಲ್ಲಿ ಸಾಲು ಹಚ್ಚಿತ್ತು. ಯೂನಿಕೋಡ್ ಅದನ್ನೇ ಹಿಡಿದು ಪ್ರತಿ ಲಿಪಿಗೂ 128 ಮನೆಗಳ ಒಂದು ಓಣಿ ಕೊಟ್ಟಿತು. ತೆಲುಗಿನದು 3072ರಿಂದ, ಕನ್ನಡದ್ದು ಪಕ್ಕದ ಓಣಿ, 3200ರಿಂದ. ಮಾವನ ಕನ್ನಡದ ಕಡತದಲ್ಲಿ ನಡುವಿನ ಅಂಕಿಯಿಂದ ಎರಡು ಕಳೆದರೆ ಅದೇ ಕನ್ನಡ ತೆಲುಗು ಲಿಪಿಯಲ್ಲಿ ನಿಲ್ಲುತ್ತದೆ. ಮಗಳು ಗಟ್ಟಿಯಾಗಿ ಓದಬಹುದು, ಮಾವ ಕೇಳಿ ತಲೆದೂಗಬಹುದು.

ಇದಕ್ಕೆ ವಿಳಾಸವೂ ಇದೆ. ಭಾಷೆಯ ಸಂಕೇತದ ನಂತರ ಲಿಪಿಯ ನಾಲ್ಕಕ್ಷರದ ಸಂಕೇತ ಸೇರಿಸಲು ಜಾಗತಿಕ ಕ್ರಮ ಅವಕಾಶ ಕೊಡುತ್ತದೆ. ಸರ್ಬಿಯನ್ ಭಾಷೆ ಸಿರಿಲಿಕ್‌ನಲ್ಲೂ ರೋಮನ್‌ನಲ್ಲೂ, ಪಂಜಾಬಿ ಗುರುಮುಖಿಯಲ್ಲೂ ಅರಬ್ಬಿ ಲಿಪಿಯಲ್ಲೂ ಹೀಗೆ ಬೇರೆ ಬೇರೆ ಕಡತಗಳಾಗಿ ಬರುತ್ತವೆ. ತೆಲುಗು ಲಿಪಿಯ ಕನ್ನಡ ಎಂಬ ವಿಳಾಸವೂ ಅದೇ ಕ್ರಮದಲ್ಲಿ ಸಿಂಧುವೇ. ಹೊಸದಾಗಿ ಅನುವಾದ ಮಾಡುವುದೂ ಬೇಕಿಲ್ಲ, ಇರುವ ಕಡತದಿಂದ ಕಳೆಯುವ ಲೆಕ್ಕ ಸಾಕು. ಲಿಪಿ ಬಿಟ್ಟರೆ ಭಾಷೆ ಹೋದೀತು ಎಂದು ಮೂಗು ಮುರಿಯುವವರು ಇರಬಹುದು. ಆದೋನಿಯ ಆ ಹುಡುಗಿಯ ಮನೆಮಾತನ್ನು ಕೇಳಿದ ಮೇಲೆ ನನಗೆ ಹಾಗನ್ನಿಸುವುದಿಲ್ಲ.

ಹೋಳಿಗೆ ಮುಗಿದ ಮೇಲೆ ಮಾವನ ಫೋನಿನ ಸೆಟ್ಟಿಂಗ್ಸ್ ತೆರೆದೆ. ಸಿಸ್ಟಂ, ಅದರೊಳಗೆ ಭಾಷೆಗಳು. ಕನ್ನಡ ಮೊದಲನೆಯದಾಗಿ ಇತ್ತು. “ಭಾಷೆ ಸೇರಿಸಿ” ಒತ್ತಿ ತೆಲುಗನ್ನು ಅದರ ಕೆಳಗೆ ತಂದು ಇಟ್ಟೆ. ಸ್ವಲ್ಪ ಹೊತ್ತಿಗೆ ಎರಡು ಆ್ಯಪ್ ತೆಲುಗಿಗೆ ಬಂದವು, ಮಾವ “ಹಾಂ, ಇದು ನೋಡು” ಎಂದರು. ಗಡಿಯ ಊರುಗಳಲ್ಲಿ ಅಪ್ಪ ಅಮ್ಮ, ಅತ್ತೆ ಮಾವ ಇರುವವರು ಮುಂದಿನ ಸಲ ಹೋದಾಗ ಅವರ ಫೋನಿನಲ್ಲಿ ಇಷ್ಟು ಮಾಡಿ ಬನ್ನಿ, ಎರಡು ನಿಮಿಷದ ಕೆಲಸ. ಅರ್ಧಂಬರ್ಧದ ಆ್ಯಪ್ ಹಾಗೇ ಉಳಿಯಿತು. ಬ್ಯಾಂಕಿನದು ಈಗಲೂ ಇಂಗ್ಲಿಷಿನಲ್ಲೇ ತೆರೆಯುತ್ತದೆ, ಅದರೊಳಗೆ ಕನ್ನಡದ ಕಡತವೂ ಇಲ್ಲ, ತೆಲುಗಿನದೂ ಇಲ್ಲ. ಹಣ ಕಳಿಸಬೇಕಾದಾಗ ಮಾವ ಮಗಳನ್ನು ಕೂಗುತ್ತಾರೆ.